ಎರಡು ಪುಟ್ಟ ದೇಶಗಳ ವಿದೇಶಿ ವಿನಿಮಯ ಮೀಸಲು ಹೋಲಿಸೋದು ಹೇಗೆ? ಭೂತಾನ್, ಮಾಲ್ಡೀವ್ಸ್ ಲೆಕ್ಕ ಹಿಡ್ಕೊಂಡು ನೋಡೋಣ

ಭೂತಾನ್ ಹತ್ರ ಡಾಲರ್ ಜಾಸ್ತಿ ಇದೆ, ಮಾಲ್ಡೀವ್ಸ್ ಹತ್ರ ಕಮ್ಮಿ, ಸೋ ಭೂತಾನ್ ಸೇಫು ಅಂತ ಒಂದೇ ಸಾಲಲ್ಲಿ ತೀರ್ಪು ಕೊಡೋರು ಬಹಳ ಜನ ಇದಾರೆ, ಆದ್ರೆ ಮೀಸಲು (ಅಂದ್ರೆ ಹೊರದೇಶಕ್ಕೆ ದುಡ್ಡು ಕಟ್ಟೋಕೆ ದೇಶ ಕೂಡಿಟ್ಟಿರೋ ವಿದೇಶಿ ಹಣ) ಎಷ್ಟಿದೆ ಅನ್ನೋದಕ್ಕಿಂತ ಅದು ಯಾರ ದುಡ್ಡು, ಯಾವ ಕರೆನ್ಸಿಲಿದೆ, ಎಷ್ಟು ತಿಂಗಳು ಬರುತ್ತೆ ಅನ್ನೋದು ಮುಖ್ಯ. ಅಕ್ಕಿ, ಡೀಸೆಲ್, ಔಷಧಿ ಎಲ್ಲಾ ಹೊರಗಿಂದ ತರಿಸ್ಕೊಳ್ಳೋ ದೇಶಕ್ಕೆ ಈ ದುಡ್ಡು ಖಾಲಿ ಆದ್ರೆ ಸಾಮಾನು ಬರೋದೇ ನಿಂತುಹೋಗುತ್ತೆ.

ಮೊದಲು ಡೇಟಾ. ವರ್ಷದ ಲೆಕ್ಕ ವರ್ಲ್ಡ್ ಬ್ಯಾಂಕ್ ಸೈಟಲ್ಲಿ ಫ್ರೀಯಾಗಿ ಸಿಗುತ್ತೆ. ಚಿನ್ನ ಸೇರಿಸಿದ್ದು ಬೇರೆ, ಬಿಟ್ಟಿದ್ದು ಬೇರೆ ಇರುತ್ತೆ, ಎರಡೂ ದೇಶಕ್ಕೆ ಒಂದೇ ಥರದ್ದು ತಗೊಳ್ಳಿ. ತಿಂಗಳ ಲೆಕ್ಕ ಬೇಕಂದ್ರೆ ಭೂತಾನ್‌ಗೆ ರಾಯಲ್ ಮಾನಿಟರಿ ಅಥಾರಿಟಿ, ಮಾಲ್ಡೀವ್ಸ್‌ಗೆ ಮಾಲ್ಡೀವ್ಸ್ ಮಾನಿಟರಿ ಅಥಾರಿಟಿ, ಎರಡೂ ಆಯಾ ದೇಶದ ಕೇಂದ್ರ ಬ್ಯಾಂಕುಗಳು. ಒಂದು ವಿಷ್ಯ ನೆನಪಿಟ್ಕೊಳ್ಳಿ, ಭೂತಾನ್ ಹಣಕಾಸು ವರ್ಷ ಜುಲೈಗೆ ಶುರು, ಮಾಲ್ಡೀವ್ಸ್‌ದು ಜನವರಿಗೆ, ಹೋಲಿಸುವಾಗ ಅವಧಿ ಒಂದೇ ಇರಲಿ.

ಆಮೇಲೆ ಸೀಸನ್. ಮಾಲ್ಡೀವ್ಸ್‌ಗೆ ಟೂರಿಸ್ಟ್‌ಗಳು ತುಂಬ್ಕೊಳ್ಳೋದು ಡಿಸೆಂಬರಿಂದ ಏಪ್ರಿಲ್‌ವರೆಗೆ. ಭೂತಾನಲ್ಲಿ ಮಳೆಗಾಲದಲ್ಲಿ ನದಿ ತುಂಬಿದಾಗ ಭಾರತಕ್ಕೆ ಕರೆಂಟ್ ಮಾರ್ತಾರೆ, ಚಳಿಗಾಲ ಬಂತು ಅಂದ್ರೆ ಅವರೇ ವಾಪಸ್ ಕೊಂಡ್ಕೋಬೇಕಾಗುತ್ತೆ. ಹಾಗಾಗಿ ಒಂದು ವರ್ಷದ ಜುಲೈನ ಇನ್ನೊಂದು ವರ್ಷದ ಜುಲೈ ಜೊತೆಗೇ ಇಟ್ಟು ನೋಡಿ.

ಈಗ ಲೆಕ್ಕ. ಭೂತಾನ್ ಮೀಸಲು 2021ರ ಏಪ್ರಿಲಲ್ಲಿ 146 ಕೋಟಿ ಡಾಲರ್ ಇತ್ತು, ಡಿಸೆಂಬರ್ ಕೊನೆಗೆ 97 ಕೋಟಿಗೆ ಇಳೀತು, ಮುಂದಿನ ವರ್ಷ ಆಗಸ್ಟಲ್ಲಿ ಸರ್ಕಾರ ಹೆಚ್ಚಿನ ವಾಹನಗಳ ಆಮದನ್ನೇ ನಿಲ್ಲಿಸ್ತು. ಮಾಲ್ಡೀವ್ಸ್ 2024ರ ಮೇನಲ್ಲಿ 49.2 ಕೋಟಿ, ಜುಲೈಗೆ 39.5 ಕೋಟಿ. ಡಾಲರಲ್ಲಿ ನೋಡಿದ್ರೆ ಭೂತಾನ್ ತಿಂಗಳಿಗೆ ಸುಮಾರು 6.1 ಕೋಟಿ ಕಳ್ಕೊಳ್ತಿತ್ತು, ಮಾಲ್ಡೀವ್ಸ್ 4.85 ಕೋಟಿ. ಆದ್ರೆ ಶುರುವಲ್ಲಿದ್ದ ಮೊತ್ತನ 100 ಅಂತ ಇಟ್ಕೊಂಡು ನೋಡಿ, ಭೂತಾನ್ ತಿಂಗಳಿಗೆ ಬರೀ 4.2 ಇಳೀತಿದ್ರೆ ಮಾಲ್ಡೀವ್ಸ್ ಹತ್ತಿರ ಹತ್ತಿರ 10 ಇಳೀತಿತ್ತು! ಮೇ–ಜುಲೈ ಅಲ್ಲಿ ಟೂರಿಸಂ ಡಲ್ ಇರೋ ಕಾಲ, ಎರಡೇ ತಿಂಗಳ ಅವಧಿ ಬೇರೆ, ಅದಕ್ಕೆ ನೀವು ಮಾಡುವಾಗ ಕನಿಷ್ಠ 12 ತಿಂಗಳದ್ದು ತಗೊಳ್ಳಿ, ಇಲ್ಲಾಂದ್ರೆ ಮಾಲ್ಡೀವ್ಸ್‌ಗೆ ಅನ್ಯಾಯ ಆಗುತ್ತೆ.

ನಾನು ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳೋದು ಮುಂದಿನ ಹೆಜ್ಜೆನ. ಆ 39.5 ಕೋಟಿ ಪೂರ್ತಿ ಮಾಲ್ಡೀವ್ಸ್ ಖರ್ಚು ಮಾಡೋ ಹಾಗಿರ್ಲಿಲ್ಲ. ಬ್ಯಾಂಕುಗಳು ಇಟ್ಟಿರೋ ಡಾಲರ್ ಡೆಪಾಸಿಟ್ ಥರದ ಅಲ್ಪಾವಧಿ ಬಾಕಿ ಕಳೆದ್ರೆ ಕೈಗೆ ಸಿಗೋದು ಬರೀ 4.5 ಕೋಟಿ. ಇಡೀ ಮೊತ್ತ ಇಟ್ಕೊಂಡು ಭಾಗಿಸಿದ್ರೆ ಅದೇ ವೇಗದಲ್ಲಿ ಎಂಟು ತಿಂಗಳು ಬರುತ್ತೆ, ನಿಜವಾಗ್ಲೂ ಬಳಸಬಹುದಾದ್ದನ್ನ ಇಟ್ಕೊಂಡ್ರೆ ಒಂದು ತಿಂಗಳೂ ಬರಲ್ಲ. ಅದಕ್ಕೇ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ಬರ್ಕೊಳ್ಳಿ.

ಭೂತಾನ್ ಕಥೆ ಬೇರೆ, ಅವರಿಗೆ ಎರಡು ಜೇಬು, ಒಂದರಲ್ಲಿ ಡಾಲರ್ ಥರದ ಕರೆನ್ಸಿ, ಇನ್ನೊಂದರಲ್ಲಿ ಭಾರತದ ರೂಪಾಯಿ. ಭೂತಾನ್ ಕರೆನ್ಸಿ ನ್ಗುಲ್ಟ್ರಮ್ ರೂಪಾಯಿಗೆ ಸರಿಸಮ, ವ್ಯಾಪಾರ ಜಾಸ್ತಿ ನಡೆಯೋದೂ ಭಾರತದ ಜೊತೆಗೇ. 2011ರ ಡಿಸೆಂಬರಲ್ಲಿ ಡಾಲರ್ ಇದ್ರೂ ರೂಪಾಯಿ ಇಲ್ದೆ 20 ಕೋಟಿ ಡಾಲರ್ ಮಾರಿ ರೂಪಾಯಿ ಸಾಲ ತೀರಿಸಬೇಕಾಯ್ತು, ಅಷ್ಟಾದ್ರೂ 2012ರಲ್ಲಿ ರೂಪಾಯಿ ಬಿಕ್ಕಟ್ಟು ತಪ್ಪಲಿಲ್ಲ. ಗ್ರಾಫಲ್ಲಿ ಬರೀ ಒಟ್ಟು ಮೊತ್ತದ ಗೆರೆ ನೋಡೋರಿಗೆ ಇದು ಕಾಣೋದೇ ಇಲ್ಲ.

ಇನ್ನೊಂದು ಎಡವಟ್ಟು ವಿನಿಮಯ ದರದ್ದು. ಭೂತಾನ್ ಹತ್ರ 1,000 ಕೋಟಿ ರೂಪಾಯಿ ಇದೆ ಅಂತ ಇಟ್ಕೊಳ್ಳಿ. 2022ರ ಶುರುವಲ್ಲಿ ಡಾಲರಿಗೆ ಸುಮಾರು 74 ರೂಪಾಯಿ ಇದ್ದಾಗ ಅದು 13.5 ಕೋಟಿ ಡಾಲರ್, ವರ್ಷದ ಕೊನೆಗೆ 83ರ ಹತ್ರ ಹೋದಾಗ 12 ಕೋಟಿ. ಒಂದು ರೂಪಾಯಿನೂ ಖರ್ಚಾಗಿಲ್ಲ, ಆದ್ರೂ ಗ್ರಾಫ್ ಕೆಳಗೆ! ರೂಪಾಯಿ ಭಾಗನ ರೂಪಾಯಿಲೇ ಲೆಕ್ಕ ಹಾಕಿ. ಮಾಲ್ಡೀವ್ಸ್‌ನ ರುಫಿಯಾ ಡಾಲರಿಗೆ 15.42ರ ಆಸುಪಾಸಲ್ಲೇ ನಿಂತಿರೋದ್ರಿಂದ ಅಲ್ಲಿ ಈ ತಲೆನೋವಿಲ್ಲ, ಬದಲಿಗೆ ಆ ದರ ಹಿಡಿದು ನಿಲ್ಲಿಸೋಕೇ ಡಾಲರ್ ಖರ್ಚಾಗ್ತಾ ಇರುತ್ತೆ.

ಎಷ್ಟು ತಿಂಗಳ ಆಮದಿಗೆ ಸಾಕು ಅನ್ನೋದನ್ನೂ ನೋಡಿ. ಮೂರು ತಿಂಗಳು ಅನ್ನೋದು ಸಾಮಾನ್ಯ ಅಳತೆ, ಆದ್ರೆ ಭೂತಾನ್ ಸಂವಿಧಾನದಲ್ಲೇ ಕನಿಷ್ಠ ಒಂದು ವರ್ಷದ ಅಗತ್ಯ ಆಮದಿಗಾಗೋಷ್ಟು ಇರಲೇಬೇಕು ಅಂತ ಬರೆದಿದೆ, ಗೆರೆ ಎಳೆಯುವಾಗ ಅವರಿಗೆ ಅವರದೇ ಮಿತಿ ಹಾಕಿ.

ಕೊನೆಗೆ ಗ್ರಾಫ್ ಮೇಲೆ ಘಟನೆಗಳನ್ನ ಗುರುತು ಮಾಡಿ. 2024ರ ಅಕ್ಟೋಬರಲ್ಲಿ ಭಾರತ ಮಾಲ್ಡೀವ್ಸ್‌ಗೆ 40 ಕೋಟಿ ಡಾಲರ್ ಮತ್ತೆ 3,000 ಕೋಟಿ ರೂಪಾಯಿಯ ಕರೆನ್ಸಿ ಸ್ವಾಪ್ (ತಮ್ಮ ಕರೆನ್ಸಿ ಕೊಟ್ಟು ಸ್ವಲ್ಪ ಕಾಲಕ್ಕೆ ಬೇರೆ ಕರೆನ್ಸಿ ತಗೊಳ್ಳೋ ಏರ್ಪಾಡು) ಕೊಡ್ತು. ಇಂಥಾದ್ರಿಂದ ಗೆರೆ ಮೇಲೆ ಹೋದ್ರೆ ಅದು ದುಡಿದು ಬಂದಿದ್ದಲ್ಲ, ವಾಪಸ್ ಕೊಡಬೇಕಾದ್ದು, ಆ ಚುಕ್ಕೆಗೆ ಬೇರೆ ಬಣ್ಣ ಹಾಕಿ.