ಸಕ್ಕರೆ ಹೊಳೆಯುತ್ತದೆ, ಉಪ್ಪು ಯಾಕಿಲ್ಲ? ಹರಳು, ವೇವ್‌ಗೈಡ್‌ಗಳ ಬೆಳಕಿನಾಟ ಮನೆಯಲ್ಲೇ ನೋಡುವುದು ಹೇಗೆ

ಮೊಬೈಲ್‌ನಲ್ಲಿ ನೋಡುವ ವಿಡಿಯೊ ಬೇರೆ ದೇಶದ ಸರ್ವರ್‌ನಿಂದ ಬಂದಿದ್ದರೆ, ದಾರಿಯ ಬಹುಪಾಲನ್ನು ಅದು ಬೆಳಕಾಗಿಯೇ ದಾಟಿರುತ್ತದೆ. ಸಮುದ್ರದ ತಳದಲ್ಲಿ ಹಾಸಿದ ಕೇಬಲ್‌ಗಳ ಒಳಗೆ ತೆಳು ಗಾಜಿನ ಎಳೆಗಳಿವೆ. ಬೆಳಕನ್ನು ಹಿಡಿದು ಸಾಗಿಸುವ ಇಂಥ ದಾರಿಗೆ ವೇವ್‌ಗೈಡ್ ಎನ್ನುತ್ತಾರೆ. ಆ ಬೆಳಕಿನ ಮೇಲೆ ಮಾಹಿತಿ ಬರೆಯುವ ಕೆಲಸ ಅನೇಕ ಕಡೆ ಒಂದು ಹರಳಿನದು.

ಈ ಎರಡೂ ಕೆಲಸ ಹೇಗೆ ನಡೆಯುತ್ತವೆ ಎಂದು ಅಡುಗೆಮನೆಯ ಸಾಮಾನಿನಿಂದಲೇ ನೋಡಬಹುದು. ಪಠ್ಯಪುಸ್ತಕಗಳು ಸಾಮಾನ್ಯವಾಗಿ ಫೈಬರ್‌ನಿಂದ ಶುರು ಮಾಡುತ್ತವೆ. ನನಗೆ ಮೊದಲು ಹರಳು, ಆಮೇಲೆ ವೇವ್‌ಗೈಡ್ ಎಂಬ ಕ್ರಮವೇ ಸರಿ ಅನಿಸುತ್ತದೆ. ಹರಳಿನ ಗುಣ ಗೊತ್ತಾದರೆ, ಅದನ್ನು ಯಾಕೆ ಕಿರಿದಾದ ದಾರಿಯನ್ನಾಗಿ ಕೊರೆಯಬೇಕು ಅನ್ನುವುದು ತಾನಾಗಿ ಅರ್ಥವಾಗುತ್ತದೆ.

ಏನೇನು ಬೇಕು?

ಒಂದು ಎಲ್‌ಸಿಡಿ ಪರದೆ (ಲ್ಯಾಪ್‌ಟಾಪ್, ಟ್ಯಾಬ್ಲೆಟ್ ಯಾವುದಾದರೂ ಸರಿ), ಒಂದು ಪೋಲರೈಸರ್ ಫಿಲ್ಮ್, ಚಿಕ್ಕ ಗಾಜಿನ ತುಂಡು, ಸಕ್ಕರೆ, ಪುಡಿ ಉಪ್ಪು, ಕೊಬ್ಬರಿ ಎಣ್ಣೆ, ಪಾರದರ್ಶಕ ಟೇಪು, ಕಂಪಾಸ್ ಬಾಕ್ಸ್‌ನಲ್ಲಿರುವ ಪ್ಲಾಸ್ಟಿಕ್ ಕೋನಮಾಪಕ. ಎರಡನೇ ಭಾಗಕ್ಕೆ ಚೈನಾ ಗ್ರಾಸ್ ಪುಡಿ ಮತ್ತು ಕೆಂಪು ಲೇಸರ್ ಪಾಯಿಂಟರ್.

ಪೋಲರೈಸರ್ ಫಿಲ್ಮ್ ಟಿವಿ ರಿಪೇರಿ ಮಾಡುವವರ ಹತ್ತಿರ ಸಿಗಬಹುದು. ಇಲ್ಲದಿದ್ದರೆ ಪೋಲರೈಸ್ಡ್ ಎಂದು ಬರೆದಿರುವ ಕೂಲಿಂಗ್ ಗ್ಲಾಸ್ ಸಾಕು.

ಮೊದಲು ಕತ್ತಲು ಮಾಡಿ

ಪರದೆಯಲ್ಲಿ ಪೂರ್ತಿ ಬಿಳಿ ಪುಟ ತೆರೆಯಿರಿ. ಫಿಲ್ಮನ್ನು ಕಣ್ಣಿನ ಮುಂದೆ ಹಿಡಿದು ನಿಧಾನವಾಗಿ ತಿರುಗಿಸಿ. ಒಂದು ಕೋನದಲ್ಲಿ ಪರದೆ ಕಪ್ಪಾಗುತ್ತದೆ. ಕಪ್ಪಾಗದಿದ್ದರೆ ಬೇರೆ ಪರದೆ ಹಿಡಿದು ನೋಡಿ.

ಬೆಳಕು ಒಂದು ಅಲೆ. ಬಲ್ಬಿನ ಬೆಳಕಿನಲ್ಲಿ ಕಂಪನ ಎಲ್ಲ ದಿಕ್ಕಿಗೂ ಇರುತ್ತದೆ. ಎಲ್‌ಸಿಡಿ ಪರದೆಯಿಂದ ಹೊರಬರುವ ಬೆಳಕು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಫಿಲ್ಮ್ ಕೂಡ ಒಂದೇ ದಿಕ್ಕಿನ ಕಂಪನವನ್ನು ಬಿಡುತ್ತದೆ. ಎರಡೂ ದಿಕ್ಕುಗಳು ಅಡ್ಡಡ್ಡ ಬಂದಾಗ ಏನೂ ದಾಟುವುದಿಲ್ಲ. ಈ ಕತ್ತಲೇ ನಮ್ಮ ಪ್ರಯೋಗಾಲಯ. ಇದರ ನಡುವೆ ಇಟ್ಟ ವಸ್ತು ಹೊಳೆದರೆ, ಅದು ಕಂಪನದ ದಿಕ್ಕನ್ನು ಬದಲಿಸಿದೆ ಎಂದರ್ಥ.

ಉಪ್ಪು ಮತ್ತು ಸಕ್ಕರೆ

ಗಾಜಿನ ತುಂಡಿನ ಒಂದು ಕಡೆ ಹತ್ತಾರು ಕಾಳು ಸಕ್ಕರೆ, ಇನ್ನೊಂದು ಕಡೆ ಅಷ್ಟೇ ಉಪ್ಪು ಉದುರಿಸಿ. ಗಾಜಿನ ಬದಲು ಪ್ಲಾಸ್ಟಿಕ್ ಬೇಡ. ಪ್ಲಾಸ್ಟಿಕ್ ತಾನೇ ಬಣ್ಣ ತೋರಿಸಿ ಗೊಂದಲ ಮಾಡುತ್ತದೆ. ಎರಡರ ಮೇಲೂ ಒಂದೊಂದು ಹನಿ ಕೊಬ್ಬರಿ ಎಣ್ಣೆ ಬಿಡಿ. ಎಣ್ಣೆಯಲ್ಲಿ ಇವೆರಡೂ ಕರಗುವುದಿಲ್ಲ. ಕಾಳಿನ ಅಂಚಿನಲ್ಲಿ ಬೆಳಕು ಚದುರುವುದು ಮಾತ್ರ ಬಹಳ ಕಡಿಮೆಯಾಗುತ್ತದೆ. ಪರದೆಯನ್ನು ಮಲಗಿಸಿ, ಗಾಜನ್ನು ಅದರ ಮೇಲಿಟ್ಟು, ಮೇಲಿನಿಂದ ಫಿಲ್ಮ್ ಹಿಡಿದು ಕತ್ತಲು ಮಾಡಿ. ಎಣ್ಣೆ ಪರದೆಗೆ ತಾಗದಂತೆ ನೋಡಿಕೊಳ್ಳಿ.

ಸಕ್ಕರೆ ಕಾಳುಗಳು ಹೊಳೆಯುತ್ತವೆ. ತೆಳುವಾದ ಅಂಚುಗಳಲ್ಲಿ ಬಣ್ಣವೂ ಕಾಣುತ್ತದೆ, ಭೂತಗನ್ನಡಿ ಇದ್ದರೆ ಇನ್ನೂ ಚೆಂದ. ಉಪ್ಪು ಕತ್ತಲಲ್ಲೇ ಉಳಿಯುತ್ತದೆ. ಎರಡೂ ಬಿಳಿ, ಎರಡೂ ಹರಳು, ಆದರೂ ಬೆಳಕಿನ ಮುಂದೆ ಇಷ್ಟು ವ್ಯತ್ಯಾಸ!

ಈಗ ಫಿಲ್ಮನ್ನು ಅಲ್ಲಾಡಿಸದೆ ಗಾಜನ್ನು ಮಾತ್ರ ನಿಧಾನವಾಗಿ ತಿರುಗಿಸಿ. ಪ್ರತಿ ಸಕ್ಕರೆ ಕಾಳೂ 90 ಡಿಗ್ರಿಗೊಮ್ಮೆ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಈ ಹೆಜ್ಜೆಯನ್ನು ಬಿಡಬೇಡಿ. ಸುಮ್ನೆ ಚದುರಿದ ಬೆಳಕಾಗಿದ್ದರೆ ಹೀಗೆ ಆರುತ್ತಿರಲಿಲ್ಲ.

ಕಾರಣ ಇರುವುದು ಹರಳಿನ ಜೋಡಣೆಯಲ್ಲಿ. ಉಪ್ಪಿನಲ್ಲಿ ಪರಮಾಣುಗಳು ಘನಾಕೃತಿಯಲ್ಲಿ ನಿಂತಿವೆ. ಬೆಳಕು ಯಾವ ದಿಕ್ಕಿನಲ್ಲಿ ಕಂಪಿಸಿದರೂ ಉಪ್ಪಿಗೆ ಎಲ್ಲ ಒಂದೇ. ಹಳದಿ ಬೆಳಕಿಗೆ ಅದರ ವಕ್ರೀಭವನ ಸೂಚ್ಯಂಕ 1.544. ಅಂದರೆ ಬೆಳಕು ನಿರ್ವಾತದಲ್ಲಿ ಹೋಗುವ ವೇಗ, ಉಪ್ಪಿನೊಳಗಿನ ವೇಗದ 1.544 ಪಟ್ಟು. ಸಕ್ಕರೆಯ ಜೋಡಣೆ ಹಾಗೆ ಸಮವಾಗಿಲ್ಲ. ಅದರ ಸೂಚ್ಯಂಕ ದಿಕ್ಕಿಗೆ ತಕ್ಕಂತೆ ಸುಮಾರು 1.54ರಿಂದ 1.57ರವರೆಗೆ ಬದಲಾಗುತ್ತದೆ. ಹೀಗಾಗಿ ಒಳಗೆ ಹೊಕ್ಕ ಬೆಳಕು ಎರಡು ಕಂಪನಗಳಾಗಿ ಒಡೆದು, ಒಂದು ಮುಂದೆ, ಇನ್ನೊಂದು ಕೊಂಚ ಹಿಂದೆ ಸಾಗುತ್ತದೆ. ಹೊರಗೆ ಬಂದು ಮತ್ತೆ ಸೇರಿದಾಗ ಕಂಪನದ ರೂಪವೇ ಬದಲಾಗಿರುತ್ತದೆ. ಅದರ ಒಂದು ಪಾಲು ಫಿಲ್ಮ್ ದಾಟುತ್ತದೆ. ಇದಕ್ಕೆ ದ್ವಿವಕ್ರೀಭವನ ಎಂದು ಹೆಸರು.

ಇದನ್ನು 1669ರಲ್ಲಿ ಮೊದಲು ಬರೆದಿಟ್ಟವರು ಡೆನ್ಮಾರ್ಕ್‌ನ ಎರಾಸ್ಮಸ್ ಬಾರ್ತೊಲಿನ್. ಅವರ ಕೈಗೆ ಸಿಕ್ಕಿದ್ದು ಐಸ್‌ಲ್ಯಾಂಡ್‌ನ ಕ್ಯಾಲ್ಸೈಟ್ ಹರಳು. ಅದರ ಎರಡು ಸೂಚ್ಯಂಕಗಳು 1.658 ಮತ್ತು 1.486. ಅಂತರ ಎಷ್ಟು ದೊಡ್ಡದೆಂದರೆ ಫಿಲ್ಮ್ ಏನೂ ಬೇಡ, ಕಾಗದದ ಮೇಲೆ ಚುಕ್ಕಿ ಇಟ್ಟು ಹರಳನ್ನು ಅದರ ಮೇಲಿಟ್ಟರೆ ಎರಡು ಚುಕ್ಕಿ ಕಾಣುತ್ತವೆ. ಹರಳು ತಿರುಗಿಸಿದರೆ ಒಂದು ಚುಕ್ಕಿ ನಿಂತೇ ಇರುತ್ತದೆ, ಇನ್ನೊಂದು ಅದರ ಸುತ್ತ ಸುತ್ತುತ್ತದೆ. ಪಾರದರ್ಶಕ ಕ್ಯಾಲ್ಸೈಟ್ ತುಂಡು ಎಲ್ಲಾದರೂ ಸಿಕ್ಕರೆ ಖಂಡಿತ ಕೊಳ್ಳಿ.

ನಮ್ಮ ಬೆಂಗಳೂರಿಗೂ ಈ ಕಥೆಯಲ್ಲಿ ದೊಡ್ಡ ಪಾಲಿದೆ. ಸಿ.ವಿ. ರಾಮನ್ ಅವರಿಗೆ ಹರಳುಗಳೆಂದರೆ ಪ್ರಾಣ. ಅವರು ಕೂಡಿಸಿದ ಖನಿಜ, ರತ್ನಗಳ ಸಂಗ್ರಹ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಇಂದಿಗೂ ಇದೆ. ಅಲ್ಲಿಯೇ ಅವರ ಸೋದರಳಿಯ ಎಸ್. ಪಂಚರತ್ನಂ ಹರಳುಗಳ ಮೂಲಕ ಹಾದುಬರುವ ಪೋಲರೈಸ್ಡ್ ಬೆಳಕನ್ನು ಅಧ್ಯಯನ ಮಾಡುತ್ತಿದ್ದರು. ಬೆಳಕಿನ ಕಂಪನ ಒಂದು ರೂಪದಿಂದ ಹೊರಟು, ಬೇರೆ ರೂಪಗಳನ್ನು ದಾಟಿ, ಮೊದಲಿನ ರೂಪಕ್ಕೇ ಮರಳಿದರೂ ಅಲೆಯ ಹಂತದಲ್ಲಿ ಒಂದು ವ್ಯತ್ಯಾಸ ಉಳಿದಿರುತ್ತದೆ ಎಂದು ಅವರು 1956ರಲ್ಲಿ ತೋರಿಸಿದರು. ಆಗ ಅವರ ವಯಸ್ಸು 22. ಬ್ರಿಟನ್‌ನ ಮೈಕಲ್ ಬೆರಿ 1984ರಲ್ಲಿ ಇದೇ ತತ್ವವನ್ನು ಕ್ವಾಂಟಮ್ ಭೌತಶಾಸ್ತ್ರದಲ್ಲಿ ಕಂಡರು, ಮುಂದೆ ಪಂಚರತ್ನಂ ಅವರ ಕೆಲಸವನ್ನು ಗೌರವದಿಂದ ಎತ್ತಿ ಹೇಳಿದರು. ಇಂದು ಕಾಗದಕ್ಕಿಂತ ತೆಳುವಾದ ಚಪ್ಪಟೆ ಲೆನ್ಸ್‌ಗಳನ್ನು ಮಾಡುವವರು ಬಳಸುವ ತತ್ವಗಳಲ್ಲಿ ಇದೂ ಒಂದು. ಪಂಚರತ್ನಂ 1969ರಲ್ಲಿ, 35ನೇ ವಯಸ್ಸಿಗೇ ತೀರಿಕೊಂಡರು. ಶಾಲೆಯ ಪಾಠಗಳಲ್ಲಿ ರಾಮನ್ ಜೊತೆ ಅವರ ಹೆಸರೂ ಬರಬೇಕಿತ್ತು.

ಕೈಯಿಂದಲೇ ಬೆಳಕು ಬದಲಿಸಿ

ಟೇಪನ್ನು ಗಾಜಿನ ಮೇಲೆ ಒಂದು ಪದರ, ಎರಡು ಪದರ, ಮೂರು ಪದರ ಎಂದು ಅಂಟಿಸಿ ಫಿಲ್ಮ್ ಅಡಿ ನೋಡಿ. ಪದರ ಹೆಚ್ಚಿದಂತೆ ಬಣ್ಣ ಬದಲಾಗುತ್ತದೆ. ದಪ್ಪ ಹೆಚ್ಚಾದರೆ ಎರಡು ಕಂಪನಗಳ ನಡುವಿನ ಅಂತರವೂ ಹೆಚ್ಚುತ್ತದೆ, ಅಷ್ಟೇ.

ಮುಖ್ಯ ಪ್ರಯೋಗ ಕೋನಮಾಪಕದ್ದು. ಅದನ್ನು ಕತ್ತಲಿನ ನಡುವೆ ಹಿಡಿದರೆ ಮೂಲೆಗಳಲ್ಲಿ ಬಣ್ಣದ ಗೆರೆಗಳು ಕಾಣುತ್ತವೆ. ಅಚ್ಚಿಗೆ ಸುರಿದ ಪ್ಲಾಸ್ಟಿಕ್ ತಣ್ಣಗಾಗುವಾಗ ಒಳಗೆ ಉಳಿದುಹೋದ ಬಿಗಿತ ಅದು. ಈಗ ಎರಡು ಬೆರಳಿನಿಂದ ಅದನ್ನು ಬಗ್ಗಿಸಿ, ಬಿಡಿ, ಮತ್ತೆ ಬಗ್ಗಿಸಿ. ಗೆರೆಗಳು ಸರಿದಾಡುತ್ತವೆ. ಒಂದು ಜಾಗವನ್ನೇ ದಿಟ್ಟಿಸಿದರೆ ಅಲ್ಲಿ ಬೆಳಕು ಹೆಚ್ಚು ಕಡಿಮೆ ಆಗುವುದು ಗೊತ್ತಾಗುತ್ತದೆ. ಕೆಲವು ಪ್ಲಾಸ್ಟಿಕ್‌ಗಳಲ್ಲಿ ಈ ಗುಣ ಕಡಿಮೆ. ಗೆರೆ ಕಾಣದಿದ್ದರೆ ಹಳೆಯ ಸಿಡಿ ಡಬ್ಬಿಯ ಮುಚ್ಚಳ ಹಿಡಿಯಿರಿ. ಒತ್ತಡಕ್ಕೆ ಪಾರದರ್ಶಕ ವಸ್ತು ಹೀಗೆ ಬದಲಾಗುವುದನ್ನು ಸ್ಕಾಟ್ಲೆಂಡ್‌ನ ಡೇವಿಡ್ ಬ್ರೂಸ್ಟರ್ 1815ರ ಹೊತ್ತಿಗೇ ತೋರಿಸಿದ್ದರು.

ನೀವು ಈಗ ಮಾಡಿದ್ದು ಬೆಳಕಿನ ಮೇಲೆ ಬರೆಯುವ ಕೆಲಸ. ಬಗ್ಗಿಸಿದರೆ 1, ಬಿಟ್ಟರೆ 0. ಆದರೆ ಬೆರಳಿನಿಂದ ಸೆಕೆಂಡಿಗೆ ನಾಲ್ಕೈದು ಸಲ ಬರೆಯಬಹುದು, ಇಂಟರ್ನೆಟ್ಟಿಗೆ ಶತಕೋಟಿಗಟ್ಟಲೆ ಸಲ ಬೇಕು. ಅದಕ್ಕೆ ಒತ್ತಡದ ಬದಲು ವಿದ್ಯುತ್ ಬಳಸುತ್ತಾರೆ. ಕೆಲವು ಹರಳುಗಳಿಗೆ ವೋಲ್ಟೇಜ್ ಕೊಟ್ಟರೆ ಅವುಗಳ ಸೂಚ್ಯಂಕ ಬದಲಾಗುತ್ತದೆ. 1893ರಲ್ಲಿ ಇದನ್ನು ಅಧ್ಯಯನ ಮಾಡಿದ ಜರ್ಮನಿಯ ಫ್ರೆಡ್ರಿಕ್ ಪಾಕೆಲ್ಸ್ ಅವರ ಹೆಸರೇ ಇದಕ್ಕಿದೆ, ಪಾಕೆಲ್ಸ್ ಪರಿಣಾಮ ಎಂದು. ಈ ಕೆಲಸಕ್ಕೆ ಫೋಟಾನಿಕ್ಸ್‌ನವರು, ಅಂದರೆ ಬೆಳಕಿನ ತಂತ್ರಜ್ಞಾನದವರು, ಹೆಚ್ಚು ನಂಬುವ ಹರಳು ಲಿಥಿಯಂ ನಯೊಬೇಟ್.

ಚಿಪ್‌ಗಳ ರಾಜ ಸಿಲಿಕಾನ್‌ಗೆ ಈ ಗುಣ ಇಲ್ಲ. ಸಿಲಿಕಾನ್ ಹರಳಿನ ಜೋಡಣೆ ಉಪ್ಪಿನ ಹಾಗೆಯೇ ತುಂಬ ಸಮ. ಆದ್ದರಿಂದ ಸಿಲಿಕಾನ್ ಚಿಪ್‌ನಲ್ಲಿ ಬೆಳಕನ್ನು ಬದಲಿಸಲು ಎಲೆಕ್ಟ್ರಾನ್‌ಗಳನ್ನು ಒಳಗೆ ತುಂಬಿ ತೆಗೆಯುವ ಬೇರೆ ಉಪಾಯ ಮಾಡುತ್ತಾರೆ.

ಇಲ್ಲೊಂದು ತೊಡಕಿದೆ. ಲಿಥಿಯಂ ನಯೊಬೇಟ್‌ನಲ್ಲೂ ಈ ಬದಲಾವಣೆ ತೀರಾ ಚಿಕ್ಕದು. ದಪ್ಪ ಹರಳಿನ ಎರಡು ಬದಿಗೆ ತಂತಿ ಜೋಡಿಸಿದರೆ ನೂರಾರು, ಕೆಲವೊಮ್ಮೆ ಸಾವಿರಾರು ವೋಲ್ಟ್ ಬೇಕಾಗುತ್ತದೆ. ಆದರೆ ಬೆಳಕನ್ನು ಕೆಲವೇ ಮೈಕ್ರಾನ್ ಅಗಲದ ದಾರಿಯಲ್ಲಿ ಹಿಡಿದಿಟ್ಟರೆ ವಿದ್ಯುತ್ ಪಟ್ಟಿಗಳನ್ನು ಅಷ್ಟೇ ಹತ್ತಿರ ತರಬಹುದು. 1 ಮಿಲಿಮೀಟರ್ ಅಂತರ 10 ಮೈಕ್ರಾನ್‌ಗೆ ಇಳಿದರೆ ಅದೇ ವೋಲ್ಟೇಜಿಗೆ 100 ಪಟ್ಟು ಬಲವಾದ ಕ್ಷೇತ್ರ ಸಿಗುತ್ತದೆ. ಹರಳಿಗೆ ವೇವ್‌ಗೈಡ್ ಬೇಕಾಗುವುದು ಇಲ್ಲಿಯೇ.

ಜೆಲ್ಲಿಯ ವೇವ್‌ಗೈಡ್

ಕಾಲು ಲೀಟರ್ ನೀರಿಗೆ 3 ಗ್ರಾಂ ಚೈನಾ ಗ್ರಾಸ್ ಪುಡಿ ಹಾಕಿ, ಪೂರ್ತಿ ಕರಗುವವರೆಗೆ ಕುದಿಸಿ. 100 ಗ್ರಾಂ ಸಕ್ಕರೆ ಸೇರಿಸಿ ಕರಗಿಸಿ. ನೊರೆ ತೆಗೆದು, ಅಂಚಿರುವ ಚಪ್ಪಟೆ ಪಿಂಗಾಣಿ ತಟ್ಟೆಗೆ ಒಂದು ಸೆಂಟಿಮೀಟರ್ ದಪ್ಪಕ್ಕೆ ಸುರಿದು ಫ್ರಿಜ್‌ನಲ್ಲಿಡಿ. ಸ್ಟೀಲ್ ತಟ್ಟೆ ಬೇಡ, ಲೇಸರ್ ಅದರಿಂದ ಕಣ್ಣಿಗೆ ಹಾರಬಹುದು. ಸಕ್ಕರೆ ಇಲ್ಲಿ ರುಚಿಗಲ್ಲ. ಅದು ಜೆಲ್ಲಿಯ ಸೂಚ್ಯಂಕವನ್ನು ನೀರಿನ 1.33ರಿಂದ ಸುಮಾರು 1.38ಕ್ಕೆ ಏರಿಸುತ್ತದೆ.

ಗಟ್ಟಿಯಾದ ಮೇಲೆ ತೆಳುವಾದ ಚಾಕುವನ್ನು ಒದ್ದೆ ಮಾಡಿಕೊಂಡು ಒಂದು ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ಚೈನಾ ಗ್ರಾಸ್ ಜೆಲ್ಲಿ ಬಗ್ಗಿಸಿದರೆ ಮುರಿಯುತ್ತದೆ. ಅದಕ್ಕೇ 10 ಸೆಂಟಿಮೀಟರ್ ಅಗಲದ ಬಟ್ಟಲನ್ನು ಕವುಚಿಟ್ಟು, ಅದರ ಅಂಚಿನ ಗುಂಟ ಬಾಗಿದ ಪಟ್ಟಿಯನ್ನೇ ಕತ್ತರಿಸಿ. ಎರಡು ತುದಿಗಳು ನೇರವಾಗಿ, ನುಣುಪಾಗಿರಲಿ. ಸುತ್ತಲಿನ ಜೆಲ್ಲಿ ತೆಗೆದುಬಿಡಿ.

ಲೇಸರ್ ಬಗ್ಗೆ ಎರಡು ಮಾತು. 1 ಮಿಲಿವಾಟ್‌ಗಿಂತ ಕಡಿಮೆ ಶಕ್ತಿಯದ್ದೇ ಇರಲಿ, ಕೆಂಪೇ ಇರಲಿ. ಹಲವು ಹಸಿರು ಪಾಯಿಂಟರ್‌ಗಳ ಒಳಗೂ ಹರಳುಗಳ ಕೆಲಸವಿದೆ: ಒಂದು ಹರಳು 1064 ನ್ಯಾನೊಮೀಟರ್‌ನ ಕಾಣದ ಬೆಳಕು ಕೊಡುತ್ತದೆ, ಇನ್ನೊಂದು ಅದನ್ನು 532 ನ್ಯಾನೊಮೀಟರ್‌ನ ಹಸಿರಾಗಿಸುತ್ತದೆ. ಅಗ್ಗದವುಗಳಲ್ಲಿ ಆ ಕಾಣದ ಬೆಳಕು ಸೋಸದೆ ಹೊರಬರುವ ಅಪಾಯ ಇದೆ. ಯಾವ ಬಣ್ಣದ್ದಾದರೂ ಕಿರಣದ ಎತ್ತರಕ್ಕೆ ಕಣ್ಣು ತರಬೇಡಿ, ಮಕ್ಕಳ ಕೈಗೆ ಕೊಡಬೇಡಿ.

ಕೋಣೆ ಕತ್ತಲು ಮಾಡಿ, ಪಟ್ಟಿಯ ಒಂದು ತುದಿಗೆ, ದಪ್ಪದ ನಡುಮಧ್ಯಕ್ಕೆ, ತಟ್ಟೆಗೆ ಸಮಾನಾಂತರವಾಗಿ ಲೇಸರ್ ಬಿಡಿ. ಕೆಳಮೈ ತಟ್ಟೆಗೆ ಅಂಟಿರುವುದರಿಂದ ಅಲ್ಲಿ ಬೆಳಕು ತಾಗಿದರೆ ಸೋರುತ್ತದೆ. ಕಿರಣ ಬದಿಯಿಂದ ಬದಿಗೆ ಪುಟಿಯುತ್ತಾ ತಿರುವನ್ನು ದಾಟಿ ಇನ್ನೊಂದು ತುದಿಯಲ್ಲಿ ಹೊರಬರುತ್ತದೆ. ಜೆಲ್ಲಿ ಕೊಂಚ ಮಬ್ಬಾಗಿರುವುದೇ ಒಳ್ಳೆಯದು, ಹಾದಿ ಕಾಣುತ್ತದೆ. 1841ರಲ್ಲಿ ಜಿನೀವಾದಲ್ಲಿ ಡೇನಿಯಲ್ ಕೊಲಾಡನ್ ಇದನ್ನೇ ಬಾಗಿ ಬೀಳುವ ನೀರಿನ ಧಾರೆಯಲ್ಲಿ ತೋರಿಸಿದ್ದರು.

ಇದು ಪೂರ್ಣ ಆಂತರಿಕ ಪ್ರತಿಫಲನ. ಸೂಚ್ಯಂಕ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಬೆಳಕು ಸಾಕಷ್ಟು ಓರೆಯಾಗಿ ಬಂದರೆ ಹೊರಹೋಗಲಾರದು. ಬದಿಗೆ ಲಂಬವಾದ ಗೆರೆಯಿಂದ ಅಳೆದರೆ ನಮ್ಮ ಜೆಲ್ಲಿಗೆ ಆ ಗಡಿ ಸುಮಾರು 46 ಡಿಗ್ರಿ. ಒಂದು ಸೆಂಟಿಮೀಟರ್ ಅಗಲದ ಪಟ್ಟಿಯ ಒಳಬದಿಯ ತ್ರಿಜ್ಯ 3 ಸೆಂಟಿಮೀಟರ್ ಇದ್ದರೂ ಬೆಳಕು ಸೋರದೆ ಒಳಗೇ ನಿಲ್ಲುತ್ತದೆ. ಬಟ್ಟಲಿನ 5 ಸೆಂಟಿಮೀಟರ್ ತಿರುವು ಅದಕ್ಕೆ ಸಲೀಸು.

ಈಗ ತಟ್ಟೆಗೆ ಒಂದು ಹನಿ ಹಾಲು ಬೆರೆಸಿದ ನೀರನ್ನು ಪಟ್ಟಿಯ ಎತ್ತರಕ್ಕೆ ಸುರಿಯಿರಿ. ತಿರುವಿನಲ್ಲಿ ಕೆಂಪು ಬೆಳಕು ನೀರಿಗೆ ಸೋರುತ್ತದೆ! ಜೆಲ್ಲಿ ಅದೇ, ತಿರುವು ಅದೇ. ಬದಲಾಗಿದ್ದು ಹೊರಗಿನ ಸೂಚ್ಯಂಕ, 1ರಿಂದ 1.33ಕ್ಕೆ. ಗಡಿ ಸುಮಾರು 75 ಡಿಗ್ರಿಗೆ ಏರಿತು. ಇನ್ನು ಸೋರದಿರಬೇಕಾದರೆ 28 ಸೆಂಟಿಮೀಟರ್ ತ್ರಿಜ್ಯದ ಉದ್ದ ತಿರುವು ಬೇಕು.

ಒಳಗೂ ಹೊರಗೂ ಸೂಚ್ಯಂಕದ ಅಂತರ ಎಷ್ಟು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ದೂರಸಂಪರ್ಕದ ಫೈಬರ್‌ನಲ್ಲಿ ಒಳತಿರುಳಿಗೂ ಹೊರಪದರಕ್ಕೂ ಅಂತರ ಶೇ 1ಕ್ಕಿಂತ ಕಡಿಮೆ. ಅದಕ್ಕೇ ಮನೆಗೆ ಫೈಬರ್ ಎಳೆಯುವವರು ಮೂಲೆಯಲ್ಲಿ ಅದನ್ನು ಗಟ್ಟಿಯಾಗಿ ಮಡಚುವುದಿಲ್ಲ. ಚಿಪ್‌ನಲ್ಲಿ ಕಥೆ ಬೇರೆ. ಅಲ್ಲಿ ಒಳಗೆ 3.48 ಸೂಚ್ಯಂಕದ ಸಿಲಿಕಾನ್, ಸುತ್ತ 1.44ರ ಗಾಜು. ಗಡಿ 24.5 ಡಿಗ್ರಿ ಆಸುಪಾಸು. ಗಾಳಿಯಲ್ಲಿರುವ ವಜ್ರಕ್ಕೂ ಹೆಚ್ಚು ಕಡಿಮೆ ಅಷ್ಟೇ! ವಜ್ರದ ಮಿನುಗಿಗೆ ಕಾರಣವಾದ ಅದೇ ಚಿಕ್ಕ ಗಡಿ, ಸುಮಾರು 450 ನ್ಯಾನೊಮೀಟರ್ ಅಗಲದ ಸಿಲಿಕಾನ್ ದಾರಿಯಲ್ಲಿ ಬೆಳಕು ಕೆಲವೇ ಮೈಕ್ರಾನ್ ತ್ರಿಜ್ಯದ ತಿರುವು ತೆಗೆದುಕೊಳ್ಳುವ ಹಾಗೆ ಮಾಡುತ್ತದೆ. ಇಂಥ ಸಿಲಿಕಾನ್ ದಾರಿಗಳ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೂ ಸಂಶೋಧನೆ ನಡೆಯುತ್ತಿದೆ.

ಕೊನೆಗೆ ಒಂದು ಕವಲು

ಉಳಿದ ಜೆಲ್ಲಿಯಲ್ಲಿ ಒಂದು ಪಟ್ಟಿ ಎರಡಾಗಿ ಕವಲೊಡೆಯುವ ಹಾಗೆ ಕತ್ತರಿಸಿ. ಕವಲುಗಳ ನಡುವಿನ ಕೋನ 15 ಡಿಗ್ರಿಗಿಂತ ಜಾಸ್ತಿ ಬೇಡ. ಬುಡದಿಂದ ಲೇಸರ್ ಬಿಟ್ಟು, ಅದನ್ನು ಎಡಕ್ಕೂ ಬಲಕ್ಕೂ ಕೂದಲೆಳೆಯಷ್ಟು ಸರಿಸಿದರೆ ಎರಡೂ ಕವಲಿಗೆ ಬೆಳಕು ಹಂಚುವ ಜಾಗ ಸಿಗುತ್ತದೆ.

ಬೆಳಕಿನ ಮೇಲೆ ಮಾಹಿತಿ ಬರೆಯುವ ಸಾಧನಕ್ಕೆ ಮಾಡ್ಯುಲೇಟರ್ ಎನ್ನುತ್ತಾರೆ. ಲಿಥಿಯಂ ನಯೊಬೇಟ್ ಮಾಡ್ಯುಲೇಟರ್‌ನ ಒಳಗಿನ ನಕ್ಷೆಯೂ ಇಂಥ ಕವಲೇ. ಬೆಳಕು ಎರಡಾಗುತ್ತದೆ, ವೋಲ್ಟೇಜ್‌ನಿಂದ ಎರಡು ದಾರಿಗಳ ನಡುವೆ ಅರ್ಧ ಅಲೆಯಷ್ಟು ಅಂತರ ಹುಟ್ಟಿಸುತ್ತಾರೆ, ಮುಂದೆ ಎರಡೂ ಮತ್ತೆ ಸೇರುತ್ತವೆ. ಅಲೆಗಳು ಹೊಂದಿಕೊಂಡರೆ 1, ಒಂದನ್ನೊಂದು ಅಳಿಸಿದರೆ 0. 2018ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ತಂಡ ಈ ಹರಳಿನ ತೆಳು ಪದರದಲ್ಲಿ ದಾರಿ ಕೊರೆದು, ಸಾಮಾನ್ಯ ಚಿಪ್‌ಗಳ ಚಿಕ್ಕ ವೋಲ್ಟೇಜಿನಲ್ಲೇ ಇದನ್ನು ಅತಿ ವೇಗವಾಗಿ ನಡೆಸಿ ತೋರಿಸಿತು.

ಜೆಲ್ಲಿಯ ಕವಲುಗಳನ್ನು ಮತ್ತೆ ಸೇರಿಸಿದರೂ ಈ ಅಳಿಸುವ ಆಟ ಕಾಣುವುದಿಲ್ಲ. ಒಂದು ಸೆಂಟಿಮೀಟರ್ ಅಗಲದ ದಾರಿಯಲ್ಲಿ ಬೆಳಕಿಗೆ ಲೆಕ್ಕವಿಲ್ಲದಷ್ಟು ಹಾದಿಗಳಿದ್ದು, ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಒಂದೇ ಹಾದಿ ಇರುವಷ್ಟು ಕಿರಿದಾದ ವೇವ್‌ಗೈಡ್ ಬೇಕು. ಪಟ್ಟಿಗಳನ್ನು ಮುಚ್ಚಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೂ ಬರುತ್ತವೆ. ಆಮೇಲೆ ಮೈಯಿಂದ ನೀರು ಬಿಟ್ಟುಕೊಂಡು ಬದಿಗಳ ನುಣುಪು ಹೋಗುತ್ತದೆ, ಬೆಳಕು ಸೋರತೊಡಗುತ್ತದೆ. ಆಗ ಹೊಸದು ಕಾಯಿಸಿಕೊಳ್ಳಿ.