ಹದಿನೇಳರ ಮಗನನ್ನು ಪೊಲೀಸರು ಕರೆದೊಯ್ದಾಗ

ಚಾಕು ಇರಿತ, ಕೊಲೆ ಅಂತ ಮಗನ ಹೆಸರು ಬಂದಾಗ ತಂದೆ-ತಾಯಿ ಆಧಾರ್ ಕಾರ್ಡ್ ಹಿಡಿದು ನನ್ನ ಆಫೀಸಿಗೆ ಓಡಿ ಬರ್ತಾರೆ. ಅದನ್ನು ಒಳಗಿಡಿ. ವಯಸ್ಸು ಸಾಬೀತುಪಡಿಸಲು ಮೊದಲು ಬೇಕಾದದ್ದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರ ಅಥವಾ ಎಸ್ಸೆಸ್ಸೆಲ್ಸಿ ಅಂಕಪಟ್ಟಿ. ಅದಿಲ್ಲದಿದ್ದರೆ ಪಂಚಾಯಿತಿ, ಪುರಸಭೆಯ ಜನನ ಪತ್ರ. ಯಾವುದೂ ಇಲ್ಲದಿದ್ದರೆ ಮಾತ್ರ ಮೂಳೆ ಪರೀಕ್ಷೆ. ಲೆಕ್ಕಕ್ಕೆ ಬರೋದು ಘಟನೆ ನಡೆದ ದಿನದ ವಯಸ್ಸು.

ಹದಿನೆಂಟು ತುಂಬದವರನ್ನು ಲಾಕಪ್‌ಗೆ ಹಾಕುವಂತಿಲ್ಲ, ಕೋಳ ತೊಡಿಸುವಂತಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿ (ಮಕ್ಕಳ ಮೇಲಿನ ಕೇಸು ನೋಡುವ ಮಂಡಳಿ) ಮುಂದೆ ಹಾಜರುಪಡಿಸಬೇಕು. ಠಾಣೆಯಲ್ಲಿ ಕೂಗಾಡಬೇಡಿ, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಅಂತ ಕೇಳಿ. ವಕೀಲರಿಗೆ ದುಡ್ಡಿಲ್ಲವೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಡಿ.

16 ತುಂಬಿದ್ದು, ಆರೋಪ ಘೋರ ಅಪರಾಧದ್ದಾಗಿದ್ದರೆ (ಅಂದರೆ ಕನಿಷ್ಠ ಶಿಕ್ಷೆಯೇ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿರುವಂಥದ್ದು) 2015ರ ಬಾಲ ನ್ಯಾಯ ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಮಂಡಳಿ ಪ್ರಾಥಮಿಕ ಮೌಲ್ಯಮಾಪನ ಮಾಡುತ್ತೆ. ವಯಸ್ಕರಂತೆ ವಿಚಾರಣೆ ಆಗಬೇಕಾ ಅನ್ನೋದು ಇಲ್ಲಿಂದಲೇ ಶುರು. ಅಲ್ಲಿ ನೋಡೋದು ಅವನು ತಪ್ಪಿತಸ್ಥನಾ ಅಂತಲ್ಲ. ಮಾಡಿದ್ದರ ಪರಿಣಾಮ ತಿಳಿಯುವಷ್ಟು ಬುದ್ಧಿ ಬಲಿತಿತ್ತಾ ಅಂತ. ಮನಃಶಾಸ್ತ್ರಜ್ಞರ ಜೊತೆಗಿನ ಒಂದೆರಡು ಭೇಟಿಯಲ್ಲಿ ಇದನ್ನು ಅಳೆಯಬಹುದೆಂದು ನಾನಂತೂ ನಂಬಲ್ಲ. ಆದ್ದರಿಂದ ಹುಡುಗನಿಗೆ ಉತ್ತರ ಬಾಯಿಪಾಠ ಮಾಡಿಸಬೇಡಿ. ಹಳೇ ಆಸ್ಪತ್ರೆ ಚೀಟಿ, ಶಾಲೆ ಬಿಟ್ಟ ದಾಖಲೆ, ಮನೆಯ ಹೊಡೆದಾಟ, ಎಲ್ಲ ಹೇಳಿ. ಮನಃಶಾಸ್ತ್ರಜ್ಞರ ವರದಿಯ ಪ್ರತಿ ಕೇಳಿ.

ಅಂದಹಾಗೆ, ಅವನ ಫೋಟೋ ಸ್ಟೇಟಸ್‌ಗೆ ಹಾಕಿದ ಸಂಬಂಧಿಕರಿಗೆ ಈಗಲೇ ಫೋನ್ ಮಾಡಿ ತೆಗೆಸಿ. ಗುರುತು ಬಯಲು ಮಾಡೋದೂ ಅಪರಾಧವೇ.