ಪ್ರಶಸ್ತಿಗೆ ಮೊದಲು ಹಳ್ಳಕ್ಕೆ ಇಳಿಯುತ್ತೇವೆ

ಶಿರಸಿ, ಸಿದ್ದಾಪುರದ ಕಡೆಯ ಶಾಲೆಗಳಲ್ಲಿ ಮಕ್ಕಳನ್ನು ಕಾಡು, ಹಳ್ಳ, ಗದ್ದೆಗೆ ಕರೆದೊಯ್ದು ಕಲಿಸುವವರಿಗೆ ನಮ್ಮ ಮಾಸ್ತರರ ನೆನಪಿನಲ್ಲಿ ಪ್ರಶಸ್ತಿ ಕೊಡುತ್ತ ಬಂದಿದ್ದೇವೆ. ಮಾಸ್ತರರ ಶಿಷ್ಯರೆಲ್ಲ ಕೈಲಾದಷ್ಟು ಹಾಕಿ ಬ್ಯಾಂಕಿನಲ್ಲಿ ದತ್ತಿ ಇಟ್ಟೆವು, ಖರ್ಚು ಬಡ್ಡಿಯಲ್ಲಿಯೇ. ಹಣದ ಮಾತು ಅಷ್ಟಕ್ಕೇ ಮುಗಿಯಿತು. ಕಷ್ಟವಿರುವುದು ಆಯ್ಕೆಯಲ್ಲಿ.

ಅರ್ಜಿ ಕರೆದರೆ ದಪ್ಪ ಕಡತಗಳು ಬರುತ್ತವೆ. ಜೂನ್ 5ರಂದು ಸಸಿ ಹಿಡಿದು ನಿಂತವರ ಫೋಟೊ, ಪ್ರಮಾಣಪತ್ರ, ಪತ್ರಿಕೆಯ ತುಣುಕು. ಒಳ್ಳೆಯ ಕೆಲಸ ಮಾಡಿದ ಎಷ್ಟೋ ಮಂದಿಯ ಬಳಿ ಇವು ಯಾವುವೂ ಇರುವುದಿಲ್ಲ. ಪರಿಸರ ಶಿಕ್ಷಣ ಕಡ್ಡಾಯವಾಗಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿತು, ಪಾಠಗಳು ಪುಸ್ತಕಕ್ಕೂ ಬಂದವು. ಆದರೆ ಮಕ್ಕಳು ಶಾಲೆಯ ಗೇಟು ದಾಟಿ ಹೊರಗೆ ಬರುವುದು ಇಂದಿಗೂ ಒಬ್ಬ ಶಿಕ್ಷಕರ ಹುಮ್ಮಸ್ಸಿನ ಮೇಲೆಯೇ ನಿಂತಿದೆ. ಅದನ್ನು ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಾಗಾಗಿ ಮಳೆ ಕಳೆದು ಹಳ್ಳದ ನೀರು ತಿಳಿಯಾದ ಮೇಲೆ, ನವೆಂಬರ್‌ನಿಂದ ಜನವರಿಯ ನಡುವೆ, ಅವರ ಹೊರಗಿನ ತರಗತಿಗೆ ನಾವೂ ಹೋಗಿ ಹಿಂದೆ ಕೂರುತ್ತೇವೆ.

ಸಿದ್ದಾಪುರದ ಕಡೆಯ ಒಬ್ಬ ಅಕ್ಕೋರ ತರಗತಿ ನನ್ನ ಕಣ್ಣಿಗೆ ಕಟ್ಟಿದಂತಿದೆ. ಮಕ್ಕಳು ಮೊಣಕಾಲುದ್ದದ ನೀರಿನಲ್ಲಿ ಕಲ್ಲು ಎತ್ತಿ ಅಡಿಭಾಗ ನೋಡುತ್ತಿದ್ದರು. ಒಬ್ಬ ಹುಡುಗ, "ಅಕ್ಕೋರೇ, ಇಲ್ಲಿ ಕಸ ನಡೆಯುತ್ತಿದೆ!" ಎಂದು ಕೂಗಿದ. ಅವರು ಹೆಸರು ಹೇಳಲಿಲ್ಲ. ಬಿಳಿ ತಟ್ಟೆಗೆ ನೀರು ಹಾಕಿ ಅದನ್ನು ಬಿಟ್ಟು, "ಇದು ಯಾರ ಮನೆ, ಯಾವುದರಿಂದ ಕಟ್ಟಿದೆ, ನೋಡಿ ಹೇಳಿ" ಎಂದರು. ಮರಳಿನ ಕಣ, ಎಲೆಯ ಚೂರು ಅಂಟಿಸಿದ ಸಣ್ಣ ಕೊಳವೆ. ಎಲ್ಲರೂ ಉಸಿರು ಬಿಗಿಹಿಡಿದು ಬಾಗಿದಾಗ ತುದಿಯಿಂದ ತಲೆ, ಆಮೇಲೆ ಕಾಲುಗಳು ಹೊರಬಂದವು. ಅದು ಕ್ಯಾಡಿಸ್ ಎಂಬ ಕೀಟದ ಮರಿಹುಳು, ತನ್ನದೇ ರೇಷ್ಮೆಯ ಎಳೆಯಿಂದ ಮನೆ ಹೆಣೆಯುತ್ತದೆ ಎಂಬ ವಿವರ ಬಂದದ್ದು ಅದಾದ ನಂತರ. ಸ್ವಲ್ಪ ಕೆಳಗೆ, ಅಡಿಕೆ ಸಿಪ್ಪೆ ಕೊಳೆಯುತ್ತಿದ್ದ ಕಡೆ, ಅಂಥದ್ದೊಂದೂ ಸಿಗಲಿಲ್ಲ. ಕೆಸರಿನಲ್ಲಿ ಕೆಂಪು ಹುಳುಗಳಿದ್ದವು. ಯಾಕಿರಬಹುದೆಂದು ಮಕ್ಕಳೇ ವಾದಕ್ಕಿಳಿದರು. ಹೊರಡುವಾಗ ಎತ್ತಿದ ಕಲ್ಲುಗಳನ್ನೆಲ್ಲ ಮೊದಲಿದ್ದ ಹಾಗೆಯೇ ಮಗುಚಿಟ್ಟರು. ತನ್ನ ಕಲ್ಲು ತಲೆಕೆಳಗಾಗಿದೆಯೆಂದು ಒಬ್ಬಳು ಹುಡುಗಿ ದಡದಿಂದ ಮರಳಿ ನೀರಿಗಿಳಿದಳು. ಯಾರೂ ಅವಳಿಗೆ ಹೇಳಿರಲಿಲ್ಲ. ನಮ್ಮ ಟಿಪ್ಪಣಿಯಲ್ಲಿ ಮೊದಲು ಬರೆದುಕೊಂಡದ್ದು ಇದನ್ನೇ.

ಆ ಶಿಕ್ಷಕರ ಬಳಿ ಕಲಿತು ಹೈಸ್ಕೂಲಿಗೆ ಹೋದ ಮಕ್ಕಳನ್ನೂ ಮಾತನಾಡಿಸುತ್ತೇವೆ. ಏನು ನೆನಪಿದೆ ಎಂದರೆ ಸಾಕು, ಅರ್ಧ ತೀರ್ಪು ಅಲ್ಲೇ ಸಿಗುತ್ತದೆ.

ಶಾಲೆಯ ನೌಕರಿಯಲ್ಲಿ ಇಲ್ಲದವರಿಗೂ ಕೊಡಬಹುದೇ ಎಂದು ಸಮಿತಿಯಲ್ಲಿ ದೊಡ್ಡ ಜಗಳವೇ ಆಯಿತು. ಜೇನು ತೆಗೆಯುವವರೊಬ್ಬರು ಊರಿನ ಮಕ್ಕಳಿಗೆ ತುಡುವೆ, ಹೆಜ್ಜೇನು, ಕೋಲುಜೇನಿನ ವ್ಯತ್ಯಾಸ ತೋರಿಸಿಕೊಡುತ್ತಿದ್ದರು. ಕೊಡಲೇಬೇಕೆಂದು ನಾನು ಹಟ ಹಿಡಿದೆ, ನಿಯಮ ಬದಲಾಯಿತು. ಮಾಸ್ತರರಿಗೇ ಕಾಡು ತೋರಿಸಿದವರು ಇಂಥವರೇ ಅಲ್ಲವೇ?

ಸಮಾರಂಭ ಅವರವರ ಊರಿನಲ್ಲೇ, ಮಕ್ಕಳು ಮತ್ತು ಪಾಲಕರ ಎದುರಿಗೆ. ಹಣದಲ್ಲಿ ಅರ್ಧ ಕಲಿಸುವವರಿಗೆ. ಉಳಿದರ್ಧ ವಾಹನದ ಬಾಡಿಗೆ, ಭೂತಗನ್ನಡಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ. ಆಯ್ಕೆಯ ಕಾರಣವನ್ನು ಬಿಡಿಸಿ ಬರೆದ ಪತ್ರವನ್ನು ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೂ ಕ್ಷೇತ್ರ ಶಿಕ್ಷಣಾಧಿಕಾರಿಗೂ ಕಳಿಸುತ್ತೇವೆ. ನನ್ನ ದೃಷ್ಟಿಯಲ್ಲಿ ಪ್ರಶಸ್ತಿಯಲ್ಲಿ ಅತ್ಯಂತ ಬೆಲೆಬಾಳುವುದು ಈ ಪತ್ರ. "ಪಾಠ ಬಿಟ್ಟು ಮಕ್ಕಳನ್ನು ತಿರುಗಿಸುತ್ತಾರೆ" ಎಂಬ ದೂರು ಬಂದಾಗ ಶಿಕ್ಷಕರು ಮೇಜಿನ ಮೇಲಿಡಲು ಅವರ ಕೈಯಲ್ಲಿ ಏನಾದರೂ ಇರಬೇಕು.